ದಪ್ಪ ಬಣ್ಣದ ಪಟಕ್ಕೆ ಕಟ್ಟು ಹಾಕಿದ್ದು

ಪಟಕ್ಕೂ ಗಾಜಿಗೂ ನಡುವೆ ಒಂದು ಕೂದಲು ಕೂಡ ತೂರಬಾರದು ಎನ್ನುವುದು ಹೊನ್ನಾಳಿಯ ನಮ್ಮ ಅಂಗಡಿಯಲ್ಲಿ ವೇದವಾಕ್ಯವಾಗಿತ್ತು. ತೂರುವಷ್ಟು ಸಂದಿ ಬಿಟ್ಟರೆ ಧೂಳು ಹೋಗುತ್ತದೆ, ಧೂಳಿನ ಬೆನ್ನಿಗೆ ಹುಳ ಹೋಗುತ್ತದೆ, ವರ್ಷ ತುಂಬುವುದರೊಳಗೆ ಲಕ್ಷ್ಮಿಯ ಮುಖಕ್ಕೆ ತೂತು ಬಿದ್ದಿರುತ್ತದೆ. ಆದ್ದರಿಂದ ಪಟವನ್ನು ಗಾಜಿಗೆ ಅವುಚಿ, ಹಿಂದಿನಿಂದ ಹಲಗೆ ಕೊಟ್ಟು, ಸಣ್ಣ ಮೊಳೆ ಹೊಡೆದು ಬಿಗಿಯಬೇಕು. ಅಂಗಡಿಯ ಯಜಮಾನರು ಬಿಗಿದ ಪಟವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಗಾಜು ಗಡಗಡ ಅಂದರೆ ನನ್ನ ಕಡೆ ಒಂದು ನೋಟ, ಅಷ್ಟೇ. ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು.

ಕಾಗದದ ಪಟಗಳಿಗೆ, ಮದುವೆಯ ಫೋಟೋಗಳಿಗೆ ಈ ಕಾನೂನು ಸರಿಯೇ. ತಂಟೆ ಬರುತ್ತಿದ್ದುದು ಹಳೆಯ ಮನೆತನಗಳಿಂದ ಬರುವ ಪಟಗಳಲ್ಲಿ. ಅವುಗಳಲ್ಲಿ ದೇವರ ಕಿರೀಟ, ಸರ, ತೋಳಬಂದಿಗಳನ್ನು ಸಫೇದ ಎನ್ನುವ ಬಿಳಿ ಪುಡಿಯ ಅಂಟು ಮೆತ್ತಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ಉಬ್ಬು ಇದ್ದಲ್ಲಿ ಗಾಜು ಕೂರುವುದಿಲ್ಲ. ಅದಕ್ಕೆ ನಾವು ಉಬ್ಬಿನ ನೆತ್ತಿಯನ್ನು ಹೆರೆದು ತಗ್ಗಿಸಿ, ಹೊಳಪು ಹೋದಲ್ಲಿ ಹಳದಿ ಬಣ್ಣ ತಾಗಿಸಿ ಕೊಡುತ್ತಿದ್ದೆವು. ಒಬ್ಬ ಗಿರಾಕಿಯೂ ಯಾಕೆಂದು ಕೇಳಿದ್ದಿಲ್ಲ. ಎಷ್ಟು ಕಿರೀಟಗಳ ನೆತ್ತಿ ನನ್ನ ಕೈಯಲ್ಲಿ ಹೋಯಿತೋ ಲೆಕ್ಕವಿಲ್ಲ. ಯಾರೋ ತಿಂಗಳುಗಟ್ಟಲೆ ಕೂತು ಎಬ್ಬಿಸಿದ್ದನ್ನು ಒಂದು ತುಂಡು ಗಾಜಿಗೋಸ್ಕರ ಹೆರೆದು ಬಿಸಾಡುವುದು ಎಂಥ ಬುದ್ಧಿ ಎಂದು ಈಗ ನೆನೆದರೆ ಮೈ ಉರಿಯುತ್ತದೆ. ಆಗ ಉರಿಯುತ್ತಿರಲಿಲ್ಲ. ಉರಿಯುವುದನ್ನು ಕಲಿಸಿದ್ದು ಒಂದು ಪರದೇಶದ ಪಟ.

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ ಅದು. ನ್ಯಾಮತಿಯಲ್ಲಿ ಒಬ್ಬ ಲೇಡಿ ಡಾಕ್ಟರರ ದವಾಖಾನೆಯಿತ್ತು. ಅಲ್ಲಿ ಫಿನ್ಲೆಂಡ್ ಎಂಬ ದೇಶದ ಒಬ್ಬ ನರ್ಸಮ್ಮ ಹತ್ತು ವರ್ಷದಿಂದ ಇದ್ದರು. ಹೆರಿಗೆಗೆ ಬಂದ ಹೆಂಗಸರಿಂದಲೇ ಕನ್ನಡ ಕಲಿತವರಾದ್ದರಿಂದ ಅವರ ಬಾಯಲ್ಲಿ ನಮ್ಮೂರಿನ ಮಾತೇ ಬರುತ್ತಿತ್ತು. ನಿಮ್ಮ ದೇಶ ಎಲ್ಲಿ ಅಂದರೆ ‘ರಷ್ಯಾದ ಬಗಲಾಗೆ’ ಅನ್ನುತ್ತಿದ್ದರು. ಆ ದಿನ ಸಂತೆಯ ಬಸ್ಸಿನಲ್ಲಿ ಬಂದಿಳಿದು, ಕಂಬಳಿಯಲ್ಲಿ ಸುತ್ತಿದ ಪಟವನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಬಿಡಿಸಿದರೆ ಕಟ್ಟಿನ ಮರವನ್ನು ಗೆದ್ದಲು ತಿಂದು ಹಪ್ಪಳ ಮಾಡಿತ್ತು. ಪಟ ಬರೆದವನು ಅವರ ತಮ್ಮ. ಹೋದ ವರ್ಷ ಚಳಿಗಾಲದಲ್ಲಿ ರಷ್ಯಾದವರ ಜೊತೆ ನಡೆದ ಕಾಳಗದಲ್ಲಿ ಸತ್ತನಂತೆ. ಕಾಗದ ಬಂದು ಮುಟ್ಟುವುದಕ್ಕೆ ಎಷ್ಟೋ ತಿಂಗಳು ಹಿಡಿಯಿತಂತೆ. ಇಷ್ಟನ್ನು ಅವರು ಅಳದೆ ಹೇಳಿದರು.

“ಗೋಡೆಗೆ ಹಾಕಾಕೆ ಆಗಂಗೆ ಮಾಡಿಕೊಡ್ರಿ ಸಾಬ್ರೆ,” ಅಂದರು ನನಗೆ. “ನನ್ನತ್ರ ಅವನದು ಅಂತ ಉಳಿದಿರೋದು ಇದೊಂದೇ.”

ಪಟ ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ಹೆಪ್ಪುಗಟ್ಟಿದ ಕೆರೆಯ ದಂಡೆ, ಬೋರಲು ಹಾಕಿದ ಎರಡು ದೋಣಿ, ಅವುಗಳ ಮೇಲೆ ಹಿಮ, ಹಿಂದೆ ಕೆಂಪು ಹಲಗೆಯ ಒಂದು ಮನೆ. ಇದು ಹತ್ತು ಹೆಜ್ಜೆ ದೂರ ನಿಂತರೆ. ಹತ್ತಿರ ಹೋದರೆ ಕೆರೆಯೂ ಇಲ್ಲ, ದೋಣಿಯೂ ಇಲ್ಲ. ಬರೀ ಬಣ್ಣದ ಗುಡ್ಡೆ, ಗೀರು, ಗುಂಡಿ. ಬಣ್ಣ ಹಚ್ಚಿದ್ದಲ್ಲ, ರೊಟ್ಟಿಗೆ ಬೆಣ್ಣೆ ಹಾಕಿದಂತೆ ಮೆತ್ತಿದ್ದು. ಹಿಮ ಇರುವಲ್ಲಂತೂ ಕಿರುಬೆರಳಿನ ದಪ್ಪಕ್ಕೆ ಎದ್ದು ನಿಂತಿತ್ತು. ಕುಂಚದ ಕೂದಲು ಎಳೆದ ಗೀರುಗಳು ಹಾಗಹಾಗೇ ಒಣಗಿದ್ದವು.

ನರ್ಸಮ್ಮ ಹೋದ ಮೇಲೆ ಯಜಮಾನರು ಅದರ ಮೇಲೆ ಅಂಗೈ ಆಡಿಸಿ ನಕ್ಕರು. ಗಾರೆ ಕೆಲಸದವನು ಬರೆದಿರಬೇಕು ಅಂದರು. ಆದರೆ ಸತ್ತವನ ಪಟ, ನರ್ಸಮ್ಮನ ಮನಸ್ಸಿಗೆ ಒಪ್ಪುವ ಹಾಗೆ ಮಾಡಿಕೊಡಬೇಕು ಎಂದೂ ಹೇಳಿದರು. ಯುದ್ಧದಿಂದಾಗಿ ಹೊರದೇಶದ ಗಾಜು ಬರುವುದು ನಿಂತುಹೋಗಿತ್ತು. ಯಜಮಾನರ ಬಳಿ ಮಾತ್ರ ಹಳೆಯ ಸರಕಿನಲ್ಲಿ ಒಂದು ದೊಡ್ಡ ಹಾಳೆ, ಒಂದು ಗುಳ್ಳೆಯೂ ಇಲ್ಲದ್ದು, ಹುಲ್ಲಿನಲ್ಲಿ ಸುತ್ತಿ ಅಟ್ಟದ ಮೇಲಿತ್ತು. ಅದನ್ನೇ ಇದಕ್ಕೆ ಹಾಕುವುದೆಂದು ತೀರ್ಮಾನಿಸಿದರು. ಕಂಜೂಸಿತನದಿಂದ ಹಾಳು ಮಾಡಿದವರಲ್ಲ ಅವರು. ಮರ್ಯಾದೆ ಮಾಡಲು ಹೋಗಿ ಹಾಳು ಮಾಡಿದರು. ನನ್ನ ಸಿಟ್ಟು ಹೆಚ್ಚಿದ್ದಕ್ಕೆ ಅದೂ ಒಂದು ಕಾರಣ.

ಮೊದಲ ಎರಡು ದಿನ ಕೆಲಸ ಸರಿಯಾಗಿಯೇ ನಡೆಯಿತು. ಮೇಜಿನ ಮೇಲೆ ಒಂದು ತಗ್ಗಿನ ಚೌಕಟ್ಟು ಮಾಡಿಕೊಂಡು, ಮುಖದ ಬಣ್ಣಕ್ಕೆ ಏನೂ ತಾಗದ ಹಾಗೆ ಪಟವನ್ನು ಬೋರಲು ಮಲಗಿಸಿದೆ. ಕ್ಯಾನ್ವಾಸು ಹಿಡಿದಿದ್ದ ತುಕ್ಕು ಮೊಳೆಗಳನ್ನು ಒಂದೊಂದಾಗಿ ಎತ್ತಿದೆ. ಗೆದ್ದಲ ಮಣ್ಣನ್ನು ಒಣ ಕುಂಚದಿಂದ ಗುಡಿಸಿದೆ. ಒಳಚೌಕಟ್ಟಿಗೆ ಚನ್ನಗಿರಿಯಿಂದ ತರಿಸಿದ್ದ ಹಳೆ ಮನೆಯ ಸಾಗುವಾನಿ ತೊಲೆಯನ್ನು ಸೀಳಿಸಿ, ಮೂಲೆಗಳನ್ನು ಕಚ್ಚು ಕೂರಿಸಿ, ಮರವಜ್ರ ಕಾಸಿ ಅಂಟಿಸಿದೆ. ಕ್ಯಾನ್ವಾಸನ್ನು ಅದಕ್ಕೆ ಎಳೆಯುವಾಗ ನಡುವಿನಿಂದ ಮೂಲೆಗೆ, ಎದುರುಬದುರು ಒಂದೊಂದೇ ಮೊಳೆ. ಒಂದೇ ಕಡೆ ಜಗ್ಗಿದರೆ ದಪ್ಪ ಬಣ್ಣ ಬಿರುಕು ಬಿಡುತ್ತದೆ. ಒಂದು ಕೂದಲೆಳೆಯ ಬಿರುಕೂ ಬರಲಿಲ್ಲ. ನನಗೆ ನನ್ನ ಕೈಯ ಮೇಲೆ ಹೆಮ್ಮೆಯಾಯಿತು.

ಮೂರನೆಯ ದಿನ ಯಜಮಾನರು ಗಾಜು ಇಳಿಸಿ, ಎತ್ತರದ ಗುಡ್ಡೆಗಳನ್ನು ಹೆರೆದು ಸಮ ಮಾಡು ಅಂದರು. ನಾನು ಹೂಂ ಅಂದೆ. ಒಲ್ಲೆ ಅನ್ನಬೇಕು ಎಂದು ಹೊಳೆಯಲೂ ಇಲ್ಲ. ನೂರು ಕಿರೀಟ ಹೆರೆದ ಕೈ ಅದು. ತೆಳ್ಳನೆಯ ಚಾಕುವಿನ ಬಾಯನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಯಾರ ಕಣ್ಣಿಗೂ ಬೀಳದ ಕೆಳಗಿನ ಬಲಮೂಲೆಯಿಂದ ಶುರುಮಾಡಿದೆ. ಅಲ್ಲಿ ಹಿಮ ಬಲು ದಪ್ಪ. ಮೂರು ಸಲ ಎಳೆದೆ. ಮೂರು ಸುರುಳಿ ಬಿದ್ದವು.

ಬಣ್ಣ ಮೇಲೆ ಕೆನೆಗಟ್ಟಿತ್ತು, ಒಳಗೆ ಇನ್ನೂ ಮೆತ್ತಗಿತ್ತು. ಕೊಯ್ದ ಅಂಚಿನಲ್ಲಿ ಬಿಳಿಯ ಕೆಳಗೆ ನೀಲಿ ಕಂಡಿತು, ನೀಲಿಯ ಕೆಳಗೆ ಇಟ್ಟಿಗೆಯ ಕೆಂಪು. ಬಿಳಿ ಅಂದುಕೊಂಡ ಹಿಮದ ಹೊಟ್ಟೆಯಲ್ಲಿ ಇಷ್ಟೆಲ್ಲ ಇತ್ತು. ಕಣ್ಣು ಹತ್ತಿರ ತಂದು ನೋಡಿದೆ. ಕೊಯ್ತದ ಅಂಚಿಗೆ ಸಣ್ಣ ಸಣ್ಣ ಬಾಗಿದ ಗೆರೆಗಳಿದ್ದವು. ಕುಂಚದ ಗೆರೆಗಳಲ್ಲ. ಚರ್ಮದ ಗೆರೆಗಳು. ಹಸಿ ಬಣ್ಣಕ್ಕೆ ಯಾರೋ ಹೆಬ್ಬೆಟ್ಟು ಒತ್ತಿದ್ದರು. ಅದರಲ್ಲಿ ಮೇಲರ್ಧ ಉಳಿದಿತ್ತು. ಕೆಳಗಿನ ಅರ್ಧ ಮೇಜಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಪಟದಲ್ಲಿ ಬೇರೆಲ್ಲೂ ಬರೆದವನ ಹೆಸರಿರಲಿಲ್ಲ.

ಚಾಕು ಕೆಳಗಿಟ್ಟೆ. ಸುರುಳಿಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡೆ. ತಲೆನೋವು ಎಂದು ಸುಳ್ಳು ಹೇಳಿ ಮನೆಗೆ ಹೋದೆ.

ರಂಜಾನಿಗೆ ಮುಂಚೆ ಅಮ್ಮ ಮನೆಯ ಗೋಡೆಗಳಿಗೆಲ್ಲ ಕೆಮ್ಮಣ್ಣು ಸಾರಿಸುವುದು ರೂಢಿ. ಹಿಂದಿನ ರಂಜಾನಿಗೆ ಸಾರಿಸಿದ್ದು ಗೋಡೆಯ ಮೇಲೆ ಹಾಗೇ ಇತ್ತು. ಸಂಜೆಯ ಬಿಸಿಲು ಅಡ್ಡಡ್ಡ ಬಿದ್ದಾಗ ಅವಳ ಅಂಗೈ ಓಡಿದ ಅರ್ಧಚಂದ್ರಗಳು ಒಂದರ ಮೇಲೊಂದು ಎದ್ದು ಕಾಣುತ್ತಿದ್ದವು. ಅಮ್ಮ ಎಡಚಿ. ಓಣಿಯ ಬೇರೆ ಹೆಂಗಸರ ಗೋಡೆಗಳಲ್ಲಿ ಚಂದ್ರಗಳು ಒಂದು ಕಡೆಗೆ ಬಾಗಿದರೆ ನಮ್ಮ ಗೋಡೆಯಲ್ಲಿ ಇನ್ನೊಂದು ಕಡೆಗೆ. ಚಿಕ್ಕಂದಿನಲ್ಲಿ ಕತ್ತಲಲ್ಲೂ ಗೋಡೆ ಸವರಿ ಇದು ನಮ್ಮನೆ ಎಂದು ಗೊತ್ತು ಮಾಡಿಕೊಳ್ಳುತ್ತಿದ್ದೆ. ಆ ಗೋಡೆಯನ್ನು ಯಾರಾದರೂ ಕರಣೆಯಿಂದ ನುಣ್ಣಗೆ ತೀಡಿದರೆ ಗೋಡೆ ಇರುತ್ತದೆ, ಅಮ್ಮ ಇರುವುದಿಲ್ಲ. ಇಷ್ಟು ತಿಳಿಯುವುದಕ್ಕೆ ನನಗೆ ಮೂವತ್ತು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಪಟವನ್ನು ಅಂಗಡಿಯ ಹಿತ್ತಿಲ ಬಾಗಿಲ ಪಕ್ಕಕ್ಕೆ ಒಯ್ದು ಎಳೆಬಿಸಿಲಿಗೆ ಓರೆಯಾಗಿ ಹಿಡಿದೆ. ಪ್ರತಿ ಗುಡ್ಡೆಗೂ ನೆರಳು ಬಂತು. ಹಿಮ ದೋಣಿಯ ಮೇಲೆ ಜಾರಿ ಕೂತಿತು, ಗಾಳಿ ಯಾವ ಕಡೆಯಿಂದ ಬೀಸಿತ್ತು ಎಂಬುದು ಕೂಡ ತಿಳಿಯಿತು. ಬಣ್ಣ ಎಳೆದು ಬಿಟ್ಟ ತುದಿಗಳೆಲ್ಲ ನಮ್ಮ ಗೋಡೆಯ ಚಂದ್ರಗಳ ಹಾಗೆಯೇ ಇನ್ನೊಂದು ಕಡೆಗೆ ಬಾಗಿದ್ದವು. ಪಟ ಬರೆದ ಆ ಹುಡುಗನೂ ಎಡಚ.

ಹೆರೆಯುವುದಿಲ್ಲ ಎಂದು ಯಜಮಾನರಿಗೆ ಹೇಳಿಬಿಟ್ಟೆ. ಈ ಏರುಪೇರು ತಪ್ಪಲ್ಲ, ಇದೇ ಪಟ ಅಂದೆ. ಮೂಲೆಯ ವಿಷಯ ಮಾತ್ರ ಹೇಳಲಿಲ್ಲ.

“ಗಾಜಿಲ್ಲದ ಪಟ ನನ್ನ ಅಂಗಡಿ ಮೆಟ್ಟಿಲು ಇಳಿಯಂಗಿಲ್ಲ,” ಅಂದರು ಅವರು. “ನೀನೇನು ಹೊಸದಾಗಿ ಕಾನೂನು ಬರೆಯಾಕೆ ಬಂದೀಯೇನು?”

ವಾದ ಮಾಡಿ ಫಲವಿಲ್ಲವೆಂದು ನಾನೇ ಒಂದು ಉಪಾಯ ಮಾಡಿದೆ. ಕಟ್ಟನ್ನು ಎರಡು ಬೆರಳು ಆಳಕ್ಕೆ ಮಾಡಿ, ಸುತ್ತ ತೆಳು ಮರದ ಪಟ್ಟಿ ಕೊಟ್ಟು, ಗಾಜು ಬಣ್ಣದಿಂದ ದೂರ ನಿಲ್ಲುವಂತೆ ಕೂರಿಸಿದೆ. ದಿನವಿಡೀ ಹಿಡಿಯಿತು. ನಿಲ್ಲಿಸಿ ನೋಡಿದರೆ ಗಾಜಿನಲ್ಲಿ ನನ್ನ ಮುಖ ಕಂಡಿತು, ಎದುರಂಗಡಿಯ ಹಗ್ಗದ ಸುರುಳಿಗಳು ಕಂಡವು. ಹಿಮ ಕಾಣಲಿಲ್ಲ. ಓರೆ ಬೆಳಕೆಲ್ಲ ಗಾಜಿನ ಮೇಲೇ ಜಾರಿಹೋಗುತ್ತಿತ್ತು. ಯಜಮಾನರು ಬಂದು ಬೆರಳಿನಿಂದ ತಟ್ಟಿದರು. ಗಡಗಡ ಅಂದಿತು. ಬಿಚ್ಚಿ ಕೂರಿಸು ಅನ್ನದೆ, ನಾಳೆ ಜಗಳೂರಿಗೆ ಹೋಗಿ ಸಾಹುಕಾರರ ಹೊಸ ಮನೆಯ ಪಡಸಾಲೆಗೆ ಪಟಗಳನ್ನು ತೂಗುಹಾಕಿ ಬಾ ಅಂದರು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು.

ಜಗಳೂರಿನಲ್ಲಿ ಎರಡು ದಿನ ಏಣಿಯ ಮೇಲೆ ಕಳೆದು, ದಾವಣಗೆರೆಯ ಮೇಲೆ ಬಸ್ಸು ಬದಲಿಸಿ ಮೂರನೆಯ ಮಧ್ಯಾಹ್ನ ವಾಪಸು ಬಂದೆ. ಪಟ ಅಂಗಡಿಯ ಮುಂಬಾಗಿಲಲ್ಲಿ ಹೋಗುಬರುವವರಿಗೆಲ್ಲ ಕಾಣುವ ಹಾಗೆ ನಿಂತಿತ್ತು. ನಮ್ಮ ಅಂಗಡಿಗೆ ಪಡುವಣ ಮುಖ. ಮೂರು ದಿನದ ಬೇಸಿಗೆ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಯಜಮಾನರು ನನ್ನ ಪಟ್ಟಿಗಳನ್ನು ಕಿತ್ತು ಹಾಕಿ, ಗಾಜನ್ನು ಬಣ್ಣಕ್ಕೇ ಅವುಚಿ, ಹಿಂದೆ ದಪ್ಪ ಹಲಗೆ ಕೊಟ್ಟು ಬಿಗಿದಿದ್ದರು. ಹಿಮದ ಗುಡ್ಡೆಗಳು ಕಿಟಕಿಗೆ ಮೂಗು ಒತ್ತಿದ ಮಕ್ಕಳ ಮುಖದ ಹಾಗೆ ಚಪ್ಪಟೆಯಾಗಿ ಗಾಜಿಗೆ ಅಂಟಿಕೊಂಡಿದ್ದವು.

“ಈಗ ನೋಡು,” ಅಂದರು ಯಜಮಾನರು, ತಟ್ಟಿ ತೋರಿಸುತ್ತಾ. “ಪಟ ಅಂದ್ರೆ ಹಿಂಗಿರ್ಬೇಕು. ಅಲುಗಾಡಂಗಿಲ್ಲ.”

ನಾನು ಬೀದಿಯಲ್ಲಿ ನಿಂತು ಕೂಗಾಡಿದೆ. ಹತ್ತು ವರ್ಷದಲ್ಲಿ ಅವರೆದುರು ದನಿ ಎತ್ತಿದವನಲ್ಲ, ಆ ದಿನ ಎತ್ತಿದೆ. ಸತ್ತವನ ಕೈಯ ಮೇಲೆ ಹಲಗೆ ಹೊಡೆದಿರಲ್ಲ ಅಂದೆ. ಕಣ್ಣು ಗಾಜಿಗೆ ಮಾರಿಕೊಂಡಿದ್ದೀರಿ ಅಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಎದುರಂಗಡಿಯವನು ತಕ್ಕಡಿ ಬಿಟ್ಟು ಬಂದು ನೋಡಿದ. ಯಜಮಾನರು ಮೊದಲು ಬಾಯಿ ಮಾಡಿದರು, ಆಮೇಲೆ ಗಾಜಿನ ಹತ್ತಿರ ಬಗ್ಗಿ ನೋಡಿದರು, ಆಮೇಲೆ ಗಲ್ಲೆಯ ಹಿಂದೆ ಹೋಗಿ ಕೂತರು.

ನರ್ಸಮ್ಮ ಬರುವುದು ಸಂತೆಯ ದಿನ, ಅಂದರೆ ಮೂರು ದಿನಕ್ಕೆ. ಗಾಜನ್ನು ಹಾಗೇ ಎತ್ತಿದರೆ ಬಣ್ಣವೂ ಎದ್ದು ಬರುತ್ತದೆ. ಸೆಕೆಗೆ ಮೆತ್ತಗಾದದ್ದು ತಂಪಿಗೆ ಗಟ್ಟಿಯಾಗಲೇಬೇಕು ಎಂಬುದೊಂದೇ ನನಗಿದ್ದ ಆಸರೆ. ಓಣಿಯ ಜಟಕಾ ಗಾಡಿಯವನನ್ನು ಕೇಳಿ ಅವನ ಕುದುರೆಯ ಬಾಲದಿಂದ ಉದ್ದನೆಯ ಕೂದಲು ಹತ್ತು ಹನ್ನೆರಡು ಕಿತ್ತುಕೊಂಡೆ. ಬೆಳಗಿನ ನಮಾಜು ಮುಗಿಸಿ ಇಬ್ಬರೂ ಪಟ ಹೊತ್ತು ಹೊಳೆಗೆ ಇಳಿದೆವು. ನೀರು ಸರಿದ ಕಡೆ ಮರಳು ಒದ್ದೆಯಾಗಿ ತಣ್ಣಗಿತ್ತು. ಹಿಂದಿನ ಹಲಗೆ ಬಿಚ್ಚಿ, ಗಾಜಿನ ಮಗ್ಗುಲನ್ನು ಮರಳಿಗೆ ತಾಗಿಸಿ ಮಲಗಿಸಿದೆವು. ಮರಳು ಬೆಚ್ಚಗಾದ ಹಾಗೆ ಜಾಗ ಬದಲಿಸಿದೆವು. ನಾಲ್ಕನೆಯ ಸಲಕ್ಕೆ ಮೂಲೆಯ ಒಂದು ಗುಡ್ಡೆ ಗಾಜಿನಿಂದ ತಾನಾಗಿ ಬಿಟ್ಟು ಟಕ್ ಎಂದಿತು.

ಆ ಸಂದಿಗೆ ಕುದುರೆ ಕೂದಲು ತೂರಿಸಿದೆ. ಅವನು ಒಂದು ತುದಿ, ನಾನು ಒಂದು ತುದಿ. ಗರಗಸದ ಹಾಗೆ ಎಳೆಯುವಂತಿಲ್ಲ. ಒಬ್ಬ ಎಳೆದರೆ ಇನ್ನೊಬ್ಬ ಬಿಡಬೇಕು, ಗಾಜಿಗೆ ಸವರಿಕೊಂಡೇ ಹೋಗಬೇಕು. ಮೂರು ಸಲ ಕೂದಲು ತುಂಡಾಯಿತು. ಎರಡು ಕೂದಲು ಹೊಸೆದು ಮತ್ತೆ ಹಿಡಿದೆವು. ಬಿಸಿಲು ಏರುವಷ್ಟರಲ್ಲಿ ಮುಕ್ಕಾಲು ಪಾಲು ಬಿಟ್ಟಿತ್ತು, ಉಳಿದದ್ದಕ್ಕೆ ಮಾರನೆಯ ಬೆಳಿಗ್ಗೆ ಮತ್ತೆ ಹೋದೆವು. ಕೊನೆಗೆ ಗಾಜು ಎತ್ತಿದಾಗ ಮೂರು ಕಡೆ ಬಣ್ಣದ ಚೂರು ಅದಕ್ಕೇ ಉಳಿಯಿತು. ಎತ್ತರದ ಗುಡ್ಡೆಗಳಲ್ಲಿ ಕೆಲವಕ್ಕೆ ಚಪ್ಪಟೆ ಹೊಳಪು ಬಂದಿತ್ತು. ಮಿಕ್ಕದ್ದು ನಿಂತಿತ್ತು. ಹೆಬ್ಬೆಟ್ಟಿನ ಉಳಿದ ಅರ್ಧ ಹೇಗಿತ್ತೋ ಹಾಗೇ ಇತ್ತು. ಅದು ತಗ್ಗು. ತಗ್ಗನ್ನು ಗಾಜು ಮುಟ್ಟಲಾರದು.

ಜಟಕಾದವನು ನಾನು ಆ ಮೂಲೆಯನ್ನೇ ನೋಡುವುದನ್ನು ಕಂಡು ಏನೆಂದು ಕೇಳಿದ. ಅವನಿಗೊಬ್ಬನಿಗೆ ಹೇಳಿದೆ.

“ಅದನ್ನೂ ಯಜಮಾನ್ರ ಲೆಕ್ಕಕ್ಕೇ ಹಾಕ್ಬಿಡ್ರಿ ಭಾಯಿ,” ಅಂದ. “ಎಲ್ಲಾ ಗಾಜೇ ತಿಂತು ಅನ್ರಿ. ಯಾರಿಗೆ ಗೊತ್ತಾಗ್ತೈತೆ?”

ನಿಜ ಹೇಳುತ್ತೇನೆ, ಆ ಮಾತು ನನಗೆ ಹಿತವಾಗಿತ್ತು. ನ್ಯಾಯ ನನ್ನ ಕಡೆಗಿತ್ತಲ್ಲ. ಗಾಜು ಅವುಚಿದವರು ಅವರು, ಬಿಸಿಲಿಗಿಟ್ಟವರು ಅವರು, ಹೆರೆ ಎಂದವರೂ ಅವರೇ. ಪಟವನ್ನು ಉಳಿಸಿದವನು ನಾನು. ಹೊಳೆಯಿಂದ ಅಂಗಡಿಗೆ ಬರುವಷ್ಟರಲ್ಲಿ ನಾನೇ ಅದನ್ನು ನಂಬಲು ಶುರುಮಾಡಿದ್ದೆ.

ಸಂತೆಯ ದಿನ ನರ್ಸಮ್ಮ ಬಂದಾಗ ಪಟ ಆಳದ ಕಟ್ಟಿನಲ್ಲಿ, ಗಾಜಿಲ್ಲದೆ, ಬಾಗಿಲ ಪಕ್ಕದ ಓರೆ ಬೆಳಕಿನಲ್ಲಿತ್ತು. ಯಜಮಾನರು ಬೇಡ ಅನ್ನಲಿಲ್ಲ. ನರ್ಸಮ್ಮ ದೂರದಿಂದ ನೋಡಿದರು, ಹತ್ತಿರ ಬಂದು ನೋಡಿದರು. ಚಪ್ಪಟೆಯಾದ ಜಾಗಗಳ ಮೇಲೆ ಅವರ ಕಣ್ಣು ಒಂದೊಂದಾಗಿ ನಿಂತು ಮುಂದೆ ಹೋಯಿತು. ನಾನು ಯಜಮಾನರ ಸುಳ್ಳಿಗೆ ಕಾದು ನಿಂತಿದ್ದೆ. ಹಳೆ ಬಣ್ಣ, ಸೆಕೆ ಜಾಸ್ತಿ, ಏನಾದರೊಂದು ಹೇಳಲಿ, ಬಾಯಿ ಮುಚ್ಚಿಸುತ್ತೇನೆ ಎಂದು ನಾಲಿಗೆ ಮಸೆದುಕೊಂಡಿದ್ದೆ. ಅವರು ಗಲ್ಲೆಯಿಂದ ಎದ್ದು ಬಂದು, ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಗಾಜು ನಾನೇ ಬಿಗಿದಿದ್ದು ಅಮ್ಮಾರೆ. ಇವ್ನು ಬ್ಯಾಡ ಅಂದ. ನಾನು ಕೇಳ್ಲಿಲ್ಲ. ತಪ್ಪಾಗೈತೆ.”

ನರ್ಸಮ್ಮ ಬಗ್ಗಿ, ಕೆಳಗಿನ ಬಲಮೂಲೆಗೆ ಕೈ ಚಾಚಿ, ತಮ್ಮ ಹೆಬ್ಬೆಟ್ಟನ್ನು ಅಲ್ಲಿಟ್ಟರು. ನೋಡದೆಯೇ ಇಟ್ಟರು, ಎಷ್ಟೋ ಸಲ ಇಟ್ಟ ಜಾಗ ಅದು. ಇಟ್ಟವರು ಕೈ ತೆಗೆದು ನೋಡಿದರು. ಮತ್ತೆ ಇಟ್ಟರು.

“ಅವ್ನು ಹೆಸರು ಬರೀತಿರ್ಲಿಲ್ಲ,” ಅಂದರು. “ಎಡಗೈ ಹೆಬ್ಬೆಟ್ಟು ಒತ್ತುತಿದ್ದ.”

ಅದೂ ಗಾಜಿನಿಂದಲೇ ಆಗಿರಬೇಕು, ಅದೂ ನನ್ನ ತಪ್ಪೇ ಅಂದರು ಯಜಮಾನರು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತಲೆ ತಗ್ಗಿಸಿಕೊಂಡು ನನ್ನದನ್ನೂ ಹೊತ್ತುಕೊಂಡರು. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಮೂರು ದಿನದಿಂದ ಅವರ ಮೇಲೆ ಉರಿದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ನನ್ನ ಕಡೆಗೆ ತಿರುಗಿತು.

“ಅದು ಗಾಜಲ್ಲಮ್ಮ,” ಅಂದೆ. “ನನ್ನ ಚಾಕು.”

ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿ ಹಿಡಿದೆ. ಮೂರು ಸುರುಳಿ, ಬಿಳಿ, ನೀಲಿ, ಕೆಂಪು. ಒಂದರ ಬೆನ್ನ ಮೇಲೆ ಸಣ್ಣ ಗೆರೆಗಳು ಇನ್ನೂ ಇದ್ದವು. ನರ್ಸಮ್ಮ ಅವನ್ನು ನೋಡಿದರು, ನನ್ನನ್ನು ನೋಡಿದರು. ಹತ್ತು ವರ್ಷದಲ್ಲಿ ಅವರು ಯಾರ ಮೇಲೂ ಸಿಟ್ಟಾದದ್ದನ್ನು ಕಂಡವರಿಲ್ಲ ಎನ್ನುತ್ತಿದ್ದರು ನ್ಯಾಮತಿಯ ಜನ. ನಾನು ಕಂಡೆ.

“ಕಟ್ಟು ಹಾಕಾಕೆ ಕೊಟ್ಟಿದ್ದೆ ಸಾಬ್ರೆ. ತಿದ್ದಾಕೆ ಕೊಟ್ಟಿರ್ಲಿಲ್ಲ.”

ಮರವಜ್ರ ತೆಳ್ಳಗೆ ಕಾಸಿ, ಸೂಜಿಯ ಮೊನೆಯಲ್ಲಿ ಹಿಡಿದು ಇದ್ದ ಹಾಗೇ ಅಂಟಿಸಿಕೊಡುತ್ತೇನೆ, ಗುರುತೇ ಸಿಗದ ಹಾಗೆ ಮಾಡುತ್ತೇನೆ ಅಂದೆ. ನನ್ನಿಂದ ಆಗುತ್ತಲೂ ಇತ್ತು.

“ನೀವಿನ್ನು ಮುಟ್ಟಬ್ಯಾಡ್ರಿ,” ಅಂದರು.

ಪೊಟ್ಟಣವನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡರು. ಒಂದೇ ಕೈಯಲ್ಲಿ ಪಟ ಎತ್ತಲು ಹೋದರು, ಆಗಲಿಲ್ಲ. ಯಜಮಾನರು ಬಂದು ಒಂದು ಕಡೆ ಹಿಡಿದರು, ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಜಟಕಾದವನು ಇನ್ನೊಂದು ಕಡೆ. ಅವರಿಬ್ಬರಿಗೂ ನರ್ಸಮ್ಮ ಬೇಡ ಅನ್ನಲಿಲ್ಲ. ಪಟ ಮೆಟ್ಟಿಲಿಳಿದು, ಗಾಜಿಲ್ಲದೆ, ಬಿಸಿಲಿಗೆ ಬೆನ್ನು ಮಾಡಿಕೊಂಡು ಗಾಡಿ ಹತ್ತುವವರೆಗೂ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.